ಕೀಳುವ ಮುನ್ನ ಹೇಳಬೇಕಾದ ಮಾತು

ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ, ನಲವತ್ತು ದಾಟಿದ ಹೆಂಗಸು. ಕೆಳದವಡೆಯ ಎಡಬದಿಯ ದೊಡ್ಡ ಹಲ್ಲು ಹುಳುಕಾಗಿ ಬಹಳ ಕಾಲವಾಗಿತ್ತು. ಮೊದಮೊದಲು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ಆಮೇಲೆ ಬಿಸಿ ಚಹಾಕ್ಕೂ ನೋವು, ರಾತ್ರಿ ಮಲಗಿದರೆ ಕಿವಿಯವರೆಗೆ ಸಿಡಿತ. ಲವಂಗ ಕಚ್ಚಿ ಹಿಡಿದರು, ಮಿಶ್ರಿ ಒತ್ತಿದರು, ಔಷಧಿ ಅಂಗಡಿಯವರು ಕೊಟ್ಟ ಗುಳಿಗೆ ನುಂಗಿದರು. ಒಂದು ದಿನ ನೋವು ತಾನಾಗಿಯೇ ನಿಂತಿತು. ವಾಸಿಯಾಯಿತು ಅಂದುಕೊಂಡರು. ಕೆಲವು ತಿಂಗಳ ಮೇಲೆ ಅದೇ ಹಲ್ಲಿನ ಬುಡದಲ್ಲಿ, ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದಿತು, ಒತ್ತಿದರೆ ಕೀವು. ಶಾಲೆ ಶುರುವಾಗುವ ಹೊತ್ತಿಗೆ ಕೆನ್ನೆ ಬಾತುಕೊಂಡಿತು. ರೊಟ್ಟಿ ಅಗಿಯಲಾಗದೆ ಹಾಲಿನಲ್ಲಿ ನೆನೆಸಿಕೊಂಡು ನುಂಗುವಂತಾಯಿತು.

ಇದು ಒಬ್ಬರದೇ ಕಥೆಯಲ್ಲ. ಇಂಥ ಹಲವರ ಪಾಡನ್ನು ಸೇರಿಸಿ ಒಂದು ಪ್ರಕರಣವಾಗಿ ಮುಂದಿಟ್ಟುಕೊಂಡಿದ್ದೇನೆ. ಪ್ರಶ್ನೆ ಸಣ್ಣದಾಗಿ ಕಾಣುತ್ತದೆ: ಕೀವು ತುಂಬಿದ ಹಲ್ಲನ್ನು ಕೀಳಿಸಬೇಕೋ, ಉಳಿಸಿಕೊಳ್ಳಬೇಕೋ? ಆದರೆ ಅದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ಬಡತನ, ದಯೆ, ಸತ್ಯ ಮೂರೂ ಎದುರಾಗುತ್ತವೆ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

ಇಬ್ಬರು ವೈದ್ಯರು

ತಾಲ್ಲೂಕು ಊರಿನ ಹಲ್ಲಿನ ಡಾಕ್ಟರ ಬಳಿ ಹೋದಾಗ ಆ ಹೆಂಗಸಿನ ಕೈಬಳೆಗಳ ನಡುವೆ ಬಸ್ಸಿನ ಶೂನ್ಯ ಟಿಕೆಟ್ ಮಡಚಿ ಸಿಕ್ಕಿಸಿಕೊಂಡದ್ದಿತ್ತು. ಸೆರಗಿನ ತುದಿಯಲ್ಲಿ ಒಗ್ಗರಣೆಯ ಅರಿಶಿನದ ಕಲೆ. ಡಾಕ್ಟರು ಬಾಯಿ ನೋಡಿದರು, ಎಕ್ಸ್‌ರೇ ತೆಗೆದರು, ಒಂದು ಗಳಿಗೆ ಅದನ್ನೇ ನೋಡುತ್ತ ನಿಂತರು. "ಇದು ಉಳಿಯಂಗಿಲ್ರಿ ಅಕ್ಕಾರ. ಬಾವು ಇಳೀಲಿ, ತಗದಬಿಡೂಣು" ಅಂದರು. ವಸಡನ್ನು ಸ್ವಲ್ಪ ಕೊಯ್ದು ಕೀವು ಹೊರಬಿಟ್ಟು, ಗುಳಿಗೆ ಬರೆದು, ವಾರ ಬಿಟ್ಟು ಬರಲು ಹೇಳಿದರು. ಕೀಳಲು ಐದುನೂರು ರೂಪಾಯಿ.

ಆ ವಾರದಲ್ಲೇ ತಮ್ಮನ ಮಗಳು ಹುಬ್ಬಳ್ಳಿಯ ಇನ್ನೊಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಅದೇ ಎಕ್ಸ್‌ರೇ ನೋಡಿ ಹೇಳಿದ್ದು ಬೇರೆ. ಇಷ್ಟು ಗಟ್ಟಿ ಬೇರಿನ ಹಲ್ಲನ್ನು ಯಾರಾದರೂ ಕೀಳಿಸುತ್ತಾರೆಯೇ, ರೂಟ್ ಕೆನಾಲ್ ಮಾಡಿಸಲೇಬೇಕು, ಇವತ್ತೇ ಶುರು ಮಾಡೋಣ, ನಾಲ್ಕು ಸಾವಿರ. ಕುರ್ಚಿಯಿಂದ ಇಳಿಯುವಾಗ ಹುಡುಗಿ ಕೇಳಿದ ಮೇಲೆ ಗೊತ್ತಾಯಿತು, ಮೇಲೆ ಕ್ಯಾಪ್ ಹಾಕಿಸಬೇಕು, ಅದಕ್ಕೆ ಇನ್ನೂ ನಾಲ್ಕು ಸಾವಿರ ಅಂತ. ಮೂರು ನಾಲ್ಕು ಸಲ ಬರಬೇಕು ಅಂತ. ಬಸ್ಸು ಪುಕ್ಕಟೆ, ಆದರೆ ಪ್ರತಿ ಸಲ ಒಂದು ದಿನದ ಅಡುಗೆ ಬೇರೆಯವರ ಕೈಗೆ ಹೋಗುತ್ತದೆ.

ಹೆಂಗಸು ಅಂದು ಏನೂ ಮಾಡಿಸಿಕೊಳ್ಳದೆ ಊರಿಗೆ ಬಂದರು. ವಾರದ ಮೇಲೆ ಮೊದಲಿನ ಡಾಕ್ಟರ ಬಳಿಗೇ ಹೋಗಿ ಕುಳಿತರು.

"ನೀವು ಉಳಿಯಂಗಿಲ್ಲ ಅಂತೀರಿ, ಅವರು ಕೀಳಸಬ್ಯಾಡ್ರಿ ಅಂತಾರ. ಹಲ್ಲು ಇರೂದು ಒಂದ. ಖರೇ ಹೇಳ್ರಿ ಸರ, ಉಳೀತೈತೋ ಇಲ್ಲೋ?"

ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಉಳೀತೈತ್ರಿ ಅಕ್ಕಾರ. ಆದ್ರ ರೊಕ್ಕ ಭಾಳ ಹತ್ತತೈತಿ. ನಿಮಗ ಆಗಂಗಿಲ್ಲ ಅಂತ ನಾನ ಅನ್ಕೊಂಡೆ."

"ಆಗತೈತೋ ಇಲ್ಲೋ, ಅದನ್ನ ನಾ ಹೇಳಬೇಕಾಗಿತ್ತಲ್ರಿ."

ಈ ಪ್ರಕರಣದ ಧರ್ಮಸೂಕ್ಷ್ಮವೆಲ್ಲ ಆ ಹೆಂಗಸಿನ ಮಾತಿನಲ್ಲಿದೆ.

ಹಲ್ಲಿನ ಮಟ್ಟಿಗೆ ನಿಜವೇನು

ಮೊದಲು ಹಲ್ಲಿನ ವಿಷಯ ಇತ್ಯರ್ಥವಾಗಲಿ. ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೃದುವಾದ ತಿರುಳು ಇರುತ್ತದೆ. ಹುಳುಕು ಅಲ್ಲಿಗೆ ತಲುಪಿದಾಗ ರಾತ್ರಿಯ ಸಿಡಿತ ಶುರು. ತಿರುಳು ಸತ್ತಾಗ ನೋವು ನಿಲ್ಲುತ್ತದೆ. ರೋಗಿ ವಾಸಿಯಾಯಿತು ಅಂದುಕೊಳ್ಳುವ ಆ ದಿನವೇ ರೋಗ ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯಲು ತೊಡಗಿರುತ್ತದೆ. ಸತ್ತ ತಿರುಳಿನಲ್ಲಿ ರಕ್ತ ಹರಿಯುವುದಿಲ್ಲ, ಹಾಗಾಗಿ ನುಂಗಿದ ಗುಳಿಗೆ ಅಲ್ಲಿಗೆ ಮುಟ್ಟುವುದಿಲ್ಲ. ಬಾವು ಹರಡುತ್ತಿದ್ದರೆ, ಜ್ವರ ಬಂದಿದ್ದರೆ ಆಂಟಿಬಯೋಟಿಕ್ ಬೇಕಾದೀತು. ಆದರೆ ಬರೀ ಗುಳಿಗೆಯಿಂದ ಹಲ್ಲು ಗುಣವಾಗದು. ಒಳಗಿನ ಕೊಳೆತದ್ದನ್ನು ತೆಗೆಯಬೇಕು, ಇಲ್ಲವೇ ಹಲ್ಲನ್ನೇ ತೆಗೆಯಬೇಕು. ಮೂರನೆಯ ದಾರಿಯೆಂದು ಜನ ಹಿಡಿಯುವ "ಸದ್ಯ ಗುಳಿಗೆ ತಗೊಂಡು ನೋಡೋಣ" ಅನ್ನುವುದು ದಾರಿಯೇ ಅಲ್ಲ.

ರೂಟ್ ಕೆನಾಲ್ ಎಂದರೆ ಆ ಒಳಗಿನ ನಾಳಗಳನ್ನು ಸೂಜಿಯಂಥ ಸಲಕರಣೆಗಳಿಂದ ಕೆರೆದು, ಔಷಧದ ದ್ರಾವಣದಿಂದ ತೊಳೆದು, ಗಟ್ಟಾ ಪರ್ಚಾ ಎಂಬ, ಮರದ ಹಾಲಿನಿಂದ ಬಂದ ವಸ್ತುವನ್ನು ತುಂಬಿ ಮುಚ್ಚುವುದು. ಕೆಳಗಿನ ಮೊದಲ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರೋ ನಾಲ್ಕೋ ನಾಳ. ತಿರುಳಿಲ್ಲದ, ಹುಳುಕು ತಿಂದು ಗೋಡೆ ತೆಳುವಾದ ಹಲ್ಲು ಅಗಿಯುವ ಭಾರಕ್ಕೆ ಸೀಳಬಹುದು, ಅದಕ್ಕೇ ಕ್ಯಾಪ್. ಅಮೆರಿಕದ ವಿಮಾ ದಾಖಲೆಗಳನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ರೂಟ್ ಕೆನಾಲ್ ಆದ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳನ್ನು ಪರಿಶೀಲಿಸಿತು. ಎಂಟು ವರ್ಷದ ನಂತರವೂ ಅವುಗಳಲ್ಲಿ ಶೇ. 97 ಬಾಯಲ್ಲೇ ಇದ್ದವು. ಕೀಳಬೇಕಾಗಿ ಬಂದವುಗಳಲ್ಲಿ ಸುಮಾರು ಶೇ. 85ಕ್ಕೆ ಪೂರ್ತಿ ಕ್ಯಾಪ್ ಇರಲಿಲ್ಲ. ಇದರ ಅರ್ಥ ಸ್ಪಷ್ಟ: ಕ್ಯಾಪ್ ಎಂಬುದು ಶೋಕಿಯಲ್ಲ, ಚಿಕಿತ್ಸೆಯ ಅರ್ಧ ಭಾಗ. ಅದನ್ನು ಬಿಟ್ಟು ಬೆಲೆ ಹೇಳಿದವರು ಅರ್ಧ ಬೆಲೆ ಹೇಳಿದ್ದಾರೆ.

ನಮ್ಮ ಪ್ರಕರಣದ ಹಲ್ಲಿನ ಒಂದು ಗೋಡೆ ಮಾತ್ರ ಕುಸಿದಿತ್ತು. ಉಳಿದದ್ದು ವಸಡಿನ ಮೇಲೆ ಗಟ್ಟಿಯಾಗಿ ನಿಂತಿತ್ತು, ಕ್ಯಾಪ್ ಹಿಡಿದುಕೊಳ್ಳಲು ಸಾಕಷ್ಟು ಆಧಾರವಿತ್ತು. ಬೇರಿನ ತುದಿಯ ಕಪ್ಪು ನೆರಳು ದೊಡ್ಡದಲ್ಲ. ಅಂದರೆ ಹಲ್ಲು ಉಳಿಯುವಂಥದ್ದು. ಬೇರು ಉದ್ದಕ್ಕೆ ಸೀಳಿದ್ದರೆ, ವಸಡಿನ ಕೆಳಗಿನವರೆಗೆ ಕೊಳೆತಿದ್ದರೆ, ಸುತ್ತಲಿನ ಮೂಳೆ ಕರಗಿ ಹಲ್ಲು ಅಲುಗಾಡುತ್ತಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಬಾವು ಗದ್ದದ ಕೆಳಗೆ, ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲಾಗದಿದ್ದರೆ, ಉಗುಳು ನುಂಗಲಾಗದಿದ್ದರೆ, ಉಸಿರಿಗೆ ತೊಂದರೆಯಾದರೆ ಅದು ಹಲ್ಲಿನ ಕ್ಲಿನಿಕ್ಕಿನ ಕೆಲಸವಲ್ಲ, ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. 1836ರಲ್ಲಿ ಜರ್ಮನ್ ವೈದ್ಯ ಲುಡ್‌ವಿಗ್ ವಿವರಿಸಿದ, ಈಗಲೂ ಅವರ ಹೆಸರಿನಲ್ಲೇ ಕರೆಯುವ ಆ ಸ್ಥಿತಿ ಜೀವ ತೆಗೆಯಬಲ್ಲದು. ಅದು ಹೆಚ್ಚಾಗಿ ಹುಟ್ಟುವುದು ಕೆಳದವಡೆಯ ಹಲ್ಲಿನಿಂದಲೇ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಅಲ್ಲಿ ಹಲ್ಲು ಇರಲಿ ಹೋಗಲಿ ಎಂಬ ಚರ್ಚೆಗೆ ಜಾಗವಿಲ್ಲ.

ಭಯಕ್ಕೆ ಕಿತ್ತ ಹಲ್ಲುಗಳು

"ಒಳಗೆ ಕೀವು ಇಟ್ಟುಕೊಂಡರೆ ವಿಷ ಮೈಗೆಲ್ಲ ಏರುತ್ತದೆ, ಕಿತ್ತುಹಾಕಿ" ಎಂಬ ಮಾತು ನಮ್ಮಲ್ಲಿ ಇಂದಿಗೂ ಕೇಳುತ್ತದೆ. ಅದರ ಬೆನ್ನಿಗೆ ಒಂದು ಭಾರವಾದ ಚರಿತ್ರೆ ಇದೆ. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ, ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. ಸೋಂಕಿನ ಹಲ್ಲಿನ ಮೇಲೆ ಚಿನ್ನದ ಹೊದಿಕೆ ಹಾಕಿ ಒಳಗಿನ ಕೊಳಕನ್ನು ಮುಚ್ಚಿಡುವ ವೈದ್ಯವನ್ನು ಅವರು ಕಟುವಾಗಿ ಟೀಕಿಸಿದರು. ಟೀಕೆಯಲ್ಲಿ ನಿಜವಿತ್ತು, ಆ ಕಾಲದ ಕೆಲಸ ಹಲವು ಕಡೆ ಹಾಗೆಯೇ ಇತ್ತು. ಆದರೆ ಅದನ್ನು ಹಿಡಿದು, ಕೀಲುನೋವಿನಿಂದ ಹುಚ್ಚಿನವರೆಗೆ ಎಲ್ಲಕ್ಕೂ ಹಲ್ಲಿನ ಸೋಂಕೇ ಮೂಲ ಎಂಬ ವಾದ ಬೆಳೆಯಿತು. ಮುಂದಿನ ಮೂರು ದಶಕ ಅಮೆರಿಕ, ಬ್ರಿಟನ್‌ಗಳಲ್ಲಿ ಅಸಂಖ್ಯ ಹಲ್ಲುಗಳು ಹೋದವು.

ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಈ ವಾದವನ್ನು ಕೊನೆಯ ತುದಿಗೆ ಒಯ್ದರು. ರೋಗಿಗಳ ಹಲ್ಲು ಕಿತ್ತರು, ಗಂಟಲಿನ ಗ್ರಂಥಿ ತೆಗೆದರು, ಕರುಳನ್ನೂ ಕತ್ತರಿಸಿದರು. ನೂರಕ್ಕೆ ಎಂಬತ್ತೈದು ಮಂದಿ ಗುಣವಾದರೆಂದು ಹೇಳಿಕೊಂಡರು. 1920ರ ದಶಕದ ನಡುವಿನಲ್ಲಿ ಫಿಲಿಸ್ ಗ್ರೀನೇಕರ್ ಎಂಬ ವೈದ್ಯೆ ದಾಖಲೆಗಳನ್ನು ಶೋಧಿಸಿ, ಆ ಹೇಳಿಕೆಗಳು ನಿಲ್ಲುವುದಿಲ್ಲವೆಂದು ವರದಿ ಬರೆದರು. ವರದಿ ಆಗ ಬೆಳಕಿಗೆ ಬರಲಿಲ್ಲ, ಚಿಕಿತ್ಸೆ ಮುಂದುವರಿಯಿತು. ಕಾಟನ್ ಮೋಸಗಾರರಾಗಿದ್ದರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅವರು ತಮ್ಮ ಹಲ್ಲನ್ನೂ ಹೆಂಡತಿ ಮಕ್ಕಳ ಹಲ್ಲನ್ನೂ ಕೀಳಿಸಿದ್ದರು. ಅಷ್ಟು ಪ್ರಾಮಾಣಿಕವಾಗಿ ನಂಬಿದ್ದರು. 1938ರಲ್ಲಿ ರಸಲ್ ಸೆಸಿಲ್ ಮತ್ತು ಆಂಜವೈನ್ ಎಂಬ ವೈದ್ಯರು ಕೀಲುವಾತದ 200 ಪ್ರಕರಣಗಳನ್ನು ವಿಶ್ಲೇಷಿಸಿ, ಹಲ್ಲು, ಗಂಟಲಗ್ರಂಥಿ ತೆಗೆಸಿದ್ದರಿಂದ ಪ್ರಯೋಜನ ಕಾಣಲಿಲ್ಲವೆಂದು ತೋರಿಸಿದ ಮೇಲೆ ಆ ವಾದ ಇಳಿಮುಖವಾಯಿತು.

ಈ ಚರಿತ್ರೆಯನ್ನು ಇಲ್ಲಿ ತಂದದ್ದು ಒಂದು ಕಾರಣಕ್ಕೆ. ಕಾಟನ್‌ರಿಗೆ ದಯೆಯ ಕೊರತೆ ಇರಲಿಲ್ಲ, ನಂಬಿಕೆಯ ಕೊರತೆಯೂ ಇರಲಿಲ್ಲ. ಇಲ್ಲದಿದ್ದದ್ದು ರೋಗಿಯ ಮಾತಿಗೆ ಜಾಗ. ಮರಳಿ ಸರಿಪಡಿಸಲಾಗದ ಕೆಲಸವನ್ನು ಇನ್ನೊಬ್ಬರ ದೇಹದ ಮೇಲೆ ಮಾಡುವಾಗ ಒಳ್ಳೆಯ ಮನಸ್ಸು ಸಾಲದು. ನಮ್ಮ ತಾಲ್ಲೂಕಿನ ಡಾಕ್ಟರನ್ನು ಅವರ ಪಕ್ಕದಲ್ಲಿ ನಿಲ್ಲಿಸುವುದು ಅನ್ಯಾಯ. ಕೃತ್ಯದ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೂ ಒಳ್ಳೆಯದನ್ನೇ ಬಯಸಿ, ರೋಗಿಯನ್ನು ಕೇಳದೆ, ರೋಗಿಯ ಪರವಾಗಿ ತೀರ್ಮಾನಿಸುವ ದಾರಿ ಅದೇ.

ದಯೆಯ ವಾದ

ಆ ಡಾಕ್ಟರ ಪಕ್ಷವನ್ನು ಪೂರ್ತಿ ಕೇಳಬೇಕು, ಅದು ಬಲವಾಗಿಯೇ ಇದೆ. ಅವರು ಎಷ್ಟೋ ಮಂದಿಗೆ ರೂಟ್ ಕೆನಾಲ್ ಶುರು ಮಾಡಿದ್ದಾರೆ. ಮೊದಲ ಸಲಕ್ಕೇ ನೋವು ಹೋಗುತ್ತದೆ, ರೋಗಿ ಮತ್ತೆ ಬರುವುದಿಲ್ಲ. ತಾತ್ಕಾಲಿಕವಾಗಿ ತುಂಬಿದ್ದು ಉದುರುತ್ತದೆ. ಆರು ತಿಂಗಳಿಗೆ, ಹಲ್ಲು ಎರಡು ಹೋಳಾದ ಮೇಲೆ ಬರುತ್ತಾರೆ. ಕೊಟ್ಟ ದುಡ್ಡೂ ಹೋಯಿತು, ಹಲ್ಲೂ ಹೋಯಿತು. ಅದಕ್ಕಿಂತ ಐದುನೂರಕ್ಕೆ ಕಿತ್ತು ನೆಮ್ಮದಿ ಕೊಡುವುದು ಮೇಲಲ್ಲವೇ? ಜೊತೆಗೆ, ಉಳಿಯುತ್ತದೆ ಆದರೆ ನಿಮ್ಮ ಕೈಲಾಗದು ಎಂದು ಬಡವರ ಮುಖಕ್ಕೆ ಹೇಳುವುದು ಹೇಗೆ? ಉಳಿಯುವುದಿಲ್ಲ ಎಂದುಬಿಟ್ಟರೆ ಅವಮಾನವೂ ಇಲ್ಲ, ಮುಂದೆ ಕೊರಗೂ ಇಲ್ಲ.

ಈ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಹಲ್ಲು ಉಳಿಸುವುದು ಒಂದು ದಿನದ ಕೆಲಸವಲ್ಲ; ಕೊನೆಯವರೆಗೆ ನಡೆಸಿಕೊಡಬೇಕಾದ ಮಾತು. ಪೂರೈಸಲಾಗದ ಮಾತಿಗಿಂತ ಕೀಳಿಸುವುದು ಲೇಸು. ಹುಬ್ಬಳ್ಳಿಯ ಕ್ಲಿನಿಕ್ಕು ತಪ್ಪಿದ್ದು ಇಲ್ಲೇ. ಕ್ಯಾಪಿನ ಲೆಕ್ಕವನ್ನು ಹಿಂದಿಟ್ಟು "ಇವತ್ತೇ ಶುರು ಮಾಡೋಣ" ಅಂದಿತು. ಒಬ್ಬರು ಸಾಧ್ಯತೆಯನ್ನು ಮುಚ್ಚಿಟ್ಟರು, ಇನ್ನೊಬ್ಬರು ಹೊರೆಯನ್ನು ಮುಚ್ಚಿಟ್ಟರು. ಇಬ್ಬರ ಲೆಕ್ಕದಲ್ಲೂ ಆ ಹೆಂಗಸು ತೀರ್ಮಾನ ಮಾಡುವವರಾಗಿರಲಿಲ್ಲ.

ಇನ್ನರ್ಧವನ್ನು ಒಪ್ಪಲಾರೆ. ಅವಮಾನ ಇರುವುದು ಬೆಲೆ ಕೇಳಿಸಿಕೊಳ್ಳುವುದರಲ್ಲಲ್ಲ. ಬಡವರು ದಿನವೂ ಬೆಲೆ ಕೇಳುತ್ತಾರೆ, ಅಳೆಯುತ್ತಾರೆ, ಬೇಡವೆಂದು ಮುಂದೆ ಹೋಗುತ್ತಾರೆ. ಅದು ಅವರಿಗೆ ಅಭ್ಯಾಸವಾದ ಘನತೆ. ಸೀರೆ, ಬಳೆ ನೋಡಿ ಬೇರೆಯವರು ತಮ್ಮ ಪರವಾಗಿ ಬೇಡವೆಂದುಬಿಟ್ಟರೆಂದು ಗೊತ್ತಾದಾಗ ಆಗುವುದೇ ಅವಮಾನ.

ಮಾತು ಇಲ್ಲಿಗೇ ಮುಗಿಯುವುದಿಲ್ಲ. "ಉಳಿಯಂಗಿಲ್ಲ" ಎಂಬ ಮಾತನ್ನು ರೋಗಿ ಮನೆಗೆ ಒಯ್ಯುತ್ತಾಳೆ. ನಮ್ಮ ಮನೆತನದ ಹಲ್ಲೇ ಹೀಗೆ, ಕೊಳೆತರೆ ಕೀಳಿಸುವುದೇ ಗತಿ ಎಂಬ ತಿಳಿವಳಿಕೆ ಮಕ್ಕಳಿಗೂ ಇಳಿಯುತ್ತದೆ. ಸಣ್ಣ ತೂತಿದ್ದಾಗಲೇ ಕೆಲವು ನೂರು ರೂಪಾಯಿಗೆ ತುಂಬಿಸಬಹುದಿತ್ತೆಂಬ ಯೋಚನೆಯೇ ಹುಟ್ಟುವುದಿಲ್ಲ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ಹುಸಿನಂಬಿಕೆಯನ್ನು ಡಾಕ್ಟರುಗಳು ದಿನವೂ ತಿದ್ದುತ್ತಾರೆ. ತಮ್ಮದೇ ಬಾಯಿಂದ ಇನ್ನೊಂದು ಹುಸಿನಂಬಿಕೆಯನ್ನು ಊರಿಗೆ ಕಳಿಸುವುದು ಯಾವ ನ್ಯಾಯ?

ಎಲ್ಲಕ್ಕಿಂತ ದೊಡ್ಡ ಕೇಡು ಕಣ್ಣಿಗೆ ಕಾಣದು. ದುಡ್ಡಿಲ್ಲದ್ದಕ್ಕೆ ಕಿತ್ತ ಹಲ್ಲುಗಳೆಲ್ಲ "ಉಳಿಸಲಾಗದ ಹಲ್ಲು" ಎಂದು ದಾಖಲಾದರೆ, ದುಡ್ಡಿಲ್ಲದ ಸಂಗತಿ ಎಲ್ಲೂ ದಾಖಲಾಗುವುದೇ ಇಲ್ಲ. ಕಾರಣ ಗೊತ್ತಿಲ್ಲದ ಊರು ಪರಿಹಾರ ಕೇಳುವುದಿಲ್ಲ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿ ಬಂತು, ಅದು ಬೇಕಾದದ್ದೇ. ಆದರೆ ಹಲ್ಲು ಪೂರ್ತಿ ಹೋದ ಮೇಲೆ ಕೊಡುವ ನೆರವಿಗೆ ಹೆಸರಿರುವಂತೆ, ನಲವತ್ತರ ಹರೆಯದಲ್ಲಿ ಅಗಿಯುವ ಹಲ್ಲನ್ನು ಉಳಿಸಿಕೊಡುವ ನೆರವು ಮನೆಮಾತಾಗಿಲ್ಲ. ಅದು ಬೇಕೆಂದು ಕೇಳಲು, ಎಷ್ಟು ಹಲ್ಲು ರೋಗದಿಂದ ಹೋದವು, ಎಷ್ಟು ಬೆಲೆಯಿಂದ ಹೋದವು ಎಂದು ಮೊದಲು ಗೊತ್ತಾಗಬೇಕು.

ಕೀಳಿಸುವುದು ಸೋಲಲ್ಲ

ಹಲ್ಲು ಉಳಿಸಿಕೊಳ್ಳುವುದೇ ಧರ್ಮ, ಕೀಳಿಸುವುದು ಅಧರ್ಮ ಎಂದು ಯಾರೂ ಓದಿಕೊಳ್ಳಬಾರದು. ಒಂದೇ ಬಗೆಯ ಹಲ್ಲಿಗೆ ಬೇರೆ ಬೇರೆ ದೇಹದಲ್ಲಿ ಬೇರೆ ಬೇರೆ ತೀರ್ಪು. ಅಡಿಕೆ, ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಬಂದು ರೇಡಿಯೇಷನ್‌ಗೆ ಹೊರಟವರ ಅನುಮಾನದ ಹಲ್ಲನ್ನು ಮೊದಲೇ ಕೀಳುತ್ತಾರೆ. ಅದೇ ರೇಡಿಯೇಷನ್ ಆದ ಮೇಲೆ ಕೀಳುವುದನ್ನು ಆದಷ್ಟು ತಪ್ಪಿಸುತ್ತಾರೆ. ದವಡೆಯ ಮೂಳೆಗೆ ರಕ್ತ ಸಾಲದೆ ಗಾಯ ಮಾಯದಿರಬಹುದು, ಮೂಳೆಯೇ ಸಾಯಬಹುದು. ಆಗ ಬರೀ ಬೇರು ಉಳಿದಿದ್ದರೂ ರೂಟ್ ಕೆನಾಲ್ ಮಾಡಿ ಒಳಗೇ ಬಿಡುವುದುಂಟು.

ಒಂದು ದೊಡ್ಡ ಹಲ್ಲು ಹೋದರೆ ಬದುಕು ಮುಳುಗುವುದಿಲ್ಲ. ಜಪಾನಿನಲ್ಲಿ 1989ರಲ್ಲಿ ಶುರುವಾದ ಆಂದೋಲನದ ಗುರಿ ಎಂಬತ್ತನೆಯ ವಯಸ್ಸಿಗೆ ಇಪ್ಪತ್ತು ಹಲ್ಲು, ಮೂವತ್ತೆರಡಲ್ಲ. ಆದರೂ ಕೀಳಿಸಿದ ಮೇಲೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಬಹುದು, ಎದುರಿನದು ಇಳಿದು ಬರಬಹುದು. ಆ ಜಾಗ ತುಂಬಿಸಲು ಬ್ರಿಜ್ ಹಾಕಿಸಿದರೆ ಆರೋಗ್ಯವಾಗಿರುವ ಅಕ್ಕಪಕ್ಕದ ಹಲ್ಲನ್ನು ಸವೆಸಬೇಕು. ಇಂಪ್ಲಾಂಟ್ ಹಾಕಿಸಿದರೆ ಖರ್ಚು ಸಾಮಾನ್ಯವಾಗಿ ಉಳಿಸುವುದಕ್ಕಿಂತ ಹೆಚ್ಚು. ಐದುನೂರು ಎಂಬುದು ಕೀಳುವ ಬೆಲೆ ಮಾತ್ರ, ಹಲ್ಲು ಕಳೆದುಕೊಳ್ಳುವ ಬೆಲೆಯಲ್ಲ. ಇದನ್ನೂ ಸೇರಿಸಿ ಹೇಳಿದರೆ ಮಾತ್ರ ಲೆಕ್ಕ ಪೂರ್ತಿ.

ಕಾನೂನೂ ಇದನ್ನೇ ಬಯಸುತ್ತದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಗೆ ಒಪ್ಪಿಗೆ ಕೇಳುವಾಗ ಅದರ ಸ್ವರೂಪ, ಅಪಾಯ, ಬದಲಿ ದಾರಿ ಇದ್ದರೆ ಅದು, ಬೇಡವೆಂದರೆ ಆಗುವ ಪರಿಣಾಮ ಇವನ್ನೆಲ್ಲ ರೋಗಿಗೆ ತಿಳಿಸಬೇಕೆಂದಿತು. ಬದಲಿ ದಾರಿಯನ್ನೇ ಇಲ್ಲವೆಂದು ಹೇಳಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ತೀರ್ಮಾನ

ಹೆಂಗಸು ಕೊನೆಗೆ ಮಾಡಿದ್ದು ಇದು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು: ತಮ್ಮಲ್ಲಿ ಎಷ್ಟು, ದಂತ ಕಾಲೇಜಿನ ಆಸ್ಪತ್ರೆಯಲ್ಲಿ ಎಷ್ಟು ಕಡಿಮೆಯಾಗಬಹುದು, ಎಷ್ಟು ಸಲ ಹೋಗಬೇಕು, ಕೀಳಿಸಿದರೆ ಮುಂದೇನು. ಹೆಂಗಸು ಮನೆಗೆ ಹೋಗಿ ಎರಡು ದಿನ ಯೋಚಿಸಿದರು. ಮಗಳ ಪಿಯುಸಿ ಫೀಸು ತುಂಬುವ ತಿಂಗಳದು. ಹಲ್ಲು ಕೀಳಿಸಿದರು. ಆದರೆ ಅದೇ ವಾರ ಮಗಳನ್ನೂ ಕರೆತಂದು ಅವಳ ದವಡೆ ಹಲ್ಲಿನ ಕಪ್ಪು ತೂತನ್ನು ತುಂಬಿಸಿದರು. ತಮ್ಮ ಹಲ್ಲು ಹುಟ್ಟಾ ಕೆಟ್ಟದ್ದಲ್ಲ, ತಡವಾದದ್ದು ಎಂದು ಅವರಿಗೆ ಈಗ ಗೊತ್ತಿತ್ತು.

ಎರಡೂ ದಾರಿಯ ಕೊನೆಗೆ ಹಲ್ಲು ಹೋಯಿತು, ಹಾಗಾದರೆ ನಿಜ ಹೇಳಿ ಬಂದದ್ದೇನು ಎಂದು ಕೇಳಬಹುದು. ಮೊದಲ ದಾರಿಯಲ್ಲಿ ಹಲ್ಲನ್ನು ಅವರಿಂದ ತೆಗೆದುಕೊಳ್ಳಲಾಗುತ್ತಿತ್ತು. ಎರಡನೆಯದರಲ್ಲಿ ಮಗಳ ಓದಿಗೆ ಅವರೇ ಅದನ್ನು ಬಿಟ್ಟುಕೊಟ್ಟರು. ಹೊರಗಿನಿಂದ ಎರಡೂ ಒಂದೇ. ಅನುಭವಿಸುವವರಿಗೆ ಒಂದೇ ಅಲ್ಲ.

ಆದ್ದರಿಂದ ನನ್ನ ತೀರ್ಪು ಹೀಗೆ. ಸೋಂಕಿನ ಹಲ್ಲಿನ ಮುಂದೆ ವೈದ್ಯರು ಮೊದಲು ಉತ್ತರಿಸಬೇಕಾದ ಪ್ರಶ್ನೆ, ಹಲ್ಲು ಉಳಿಯಬಲ್ಲುದೇ ಎಂಬುದು. ಅದಕ್ಕೆ ಉತ್ತರ ಎಕ್ಸ್‌ರೇಯಲ್ಲಿ, ಬಾಯಲ್ಲಿ ಇದೆ, ರೋಗಿಯ ಸೆರಗಿನಲ್ಲಿಲ್ಲ. ಎರಡನೆಯ ಪ್ರಶ್ನೆ, ಉಳಿಸಲು ತಗಲುವ ಹಣ, ದಿನ, ತಾಳ್ಮೆ ಕೊಡಲು ರೋಗಿಗೆ ಆಗುತ್ತದೆಯೇ ಎಂಬುದು. ಅದಕ್ಕೆ ಉತ್ತರಿಸುವ ಹಕ್ಕು ರೋಗಿಗೆ ಮಾತ್ರ. ಎರಡನೆಯದರ ಉತ್ತರವನ್ನು ಮೊದಲನೆಯದರ ಜಾಗದಲ್ಲಿ ಹೇಳಬಾರದು. ಬೆಲೆಯ ಕಾರಣಕ್ಕೆ ಕೀಳುವುದಾದರೆ ವೈದ್ಯರು ಅಳುಕಿಲ್ಲದೆ ಕೀಳಲಿ, ನೋವಾಗದಂತೆ ಚೆನ್ನಾಗಿ ಕೀಳಲಿ. ಆದರೆ ರೋಗಿಯ ಚೀಟಿಯಲ್ಲಿ ಇಷ್ಟು ಬರೆಯಲಿ: "ಉಳಿಸಬಹುದಾದ ಹಲ್ಲು. ವೆಚ್ಚದ ಕಾರಣಕ್ಕೆ ರೋಗಿಯ ಇಚ್ಛೆಯಂತೆ ತೆಗೆಯಲಾಗಿದೆ." ಪ್ರತಿ ತಾಲ್ಲೂಕಿನಲ್ಲೂ ಹೀಗೆ ಬರೆದಿಟ್ಟ ಚೀಟಿಗಳು ಸೇರಿದ ದಿನ, ಹಲ್ಲು ಉಳಿಸಿಕೊಡಿ ಎಂದು ಸರ್ಕಾರವನ್ನು ಕೇಳಲು ನಮ್ಮ ಕೈಯಲ್ಲಿ ಪುರಾವೆ ಇರುತ್ತದೆ.